ಬಸುರಿಗೆ ಜ್ವರ ಬಂದರೆ ತಲೆ, ನರದ ಕಡೆಗೂ ಕಣ್ಣಿಡಿ

ಬಸುರಿಗೆ ಜ್ವರ ಬಂದರೆ ಎಲ್ಲರೂ ಮೊದಲು ಕೇಳೋದು ಮಗು ಒದೀತಿದೆಯಾ ಅಂತ. ಕೇಳಲೇಬೇಕು. ಆದರೆ ಅವಳ ಮಾತು, ನಡಿಗೆ, ಕಣ್ಣು ಹೇಗಿದೆ ಅಂತಲೂ ನೋಡಿ. ಡೆಂಗಿ, ಫ್ಲೂ, ಹರ್ಪಿಸ್ (ತುಟಿ, ಮೈಮೇಲೆ ನೀರುಗುಳ್ಳೆ ಏಳಿಸುವ ವೈರಸ್), ಜಪಾನೀಸ್ ಮಿದುಳು ಜ್ವರ ಇವೆಲ್ಲ ಅಪರೂಪಕ್ಕಾದರೂ ಮಿದುಳಿಗೆ, ನರಕ್ಕೆ ತೊಂದರೆ ಕೊಡುತ್ತವೆ. ನಮ್ಮ ಮಂಡ್ಯ ಕಡೆ ಭತ್ತದ ಗದ್ದೆ ಜಾಸ್ತಿ, ಮಿದುಳು ಜ್ವರದ ಸೊಳ್ಳೆ ಹುಟ್ಟೋದು ಆ ನಿಂತ ನೀರಲ್ಲೇ. ಅದು ಕಚ್ಚೋದು ಸಂಜೆ ಮೇಲೆ, ಡೆಂಗಿ ಸೊಳ್ಳೆ ಹಗಲಲ್ಲಿ. ಹಾಗಾಗಿ ಮಧ್ಯಾಹ್ನ ಮಲಗಿದರೂ ಸೊಳ್ಳೆಪರದೆ ಕಟ್ಟಿ.

ಥರ್ಮಾಮೀಟರಿನಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಅವತ್ತೇ ಡಾಕ್ಟರಿಗೆ ತೋರಿಸಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಮೈಕೈ ನೋವಿಗೆ ಅಂತ ಮೆಡಿಕಲ್ ಸ್ಟೋರಿನಿಂದ ಸುಮ್ನೆ ಬ್ರೂಫೆನ್ ತಂದು ನುಂಗಿಸಬೇಡಿ, ಡೆಂಗಿ ಇದ್ದರೆ ರಕ್ತಸ್ರಾವ ಆಗಬಹುದು, ಹೊಟ್ಟೆಯಲ್ಲಿರುವ ಮಗುವಿಗೂ ಒಳ್ಳೇದಲ್ಲ.

ಆಮೇಲೆ ಆಗಾಗ ಮಾತಾಡಿಸಿ. ಇವತ್ತು ಯಾವ ವಾರ ಅಂತ ಕೇಳಿ, ಎರಡೂ ಕೈ ಮೇಲೆತ್ತಿಸಿ, ನಗಿಸಿ ಬಾಯಿ ಒಂದು ಕಡೆ ಸೊಟ್ಟಗಾಗುತ್ತಾ ನೋಡಿ. ತಡೆಯಲಾಗದ ತಲೆನೋವು, ಕತ್ತು ಬಿಗಿತ, ತೊದಲು ಮಾತು, ಎಬ್ಬಿಸಿದರೂ ಏಳದಂಥ ಮಂಪರು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. ಬಸುರೀಲಿ ಕಾಲು ಜೋಮು ಹಿಡಿಯೋದು ಮಾಮೂಲಿ, ನಿಜ. ಆದರೆ ಜ್ವರ ಬಿಟ್ಟು ವಾರ ಎರಡು ವಾರಕ್ಕೆ ಎರಡೂ ಪಾದದಲ್ಲಿ ಜುಮುಜುಮು ಶುರುವಾಗಿ, ದಿನದಿಂದ ದಿನಕ್ಕೆ ಮೇಲಕ್ಕೇರಿ, ಕೂತವಳು ಎದ್ದೇಳೋಕೆ ಕಷ್ಟಪಡುತ್ತಿದ್ದರೆ ಅದು ಗಿಲಿಯನ್ ಬಾರೆ ಅನ್ನೋ ನರದ ಕಾಯಿಲೆ ಇರಬಹುದು. ಉಸಿರಾಟಕ್ಕೇ ಕುತ್ತು ತರಬಹುದಾದ ಕಾಯಿಲೆ ಅದು.

ಫಿಟ್ಸ್ ಬಂದರೆ ಎಡ ಮಗ್ಗುಲಿಗೆ ಮಲಗಿಸಿ, ಟೈಮ್ ನೋಡಿಕೊಳ್ಳಿ, 108ಕ್ಕೆ ಫೋನ್ ಮಾಡಿ. ಕೈಗೆ ಬೀಗದ ಕೈ ಕೊಡೋದು, ಬಾಯಿಗೆ ಚಮಚ ತುರುಕೋದು, ನೀರು ಕುಡಿಸೋದು ಯಾವುದೂ ಬೇಡ. ಐದು ತಿಂಗಳಾದ ಮೇಲೆ ಬಿಪಿ ಏರಿಯೂ ಫಿಟ್ಸ್ ಬರುತ್ತದೆ, ಅದಕ್ಕೇ ತಾಯಿ ಕಾರ್ಡ್ ಮರೀದೆ ತಗೊಂಡು ಹೋಗಿ, ಹಿಂದಿನ ಬಿಪಿ ಎಲ್ಲ ಅದರಲ್ಲಿರುತ್ತದೆ. ಮಂಡ್ಯದವರಿಗೆ ಮಿಮ್ಸ್ ಸರ್ಕಾರಿ ಆಸ್ಪತ್ರೆ ಇದೆ. ಮೈಸೂರಿನಲ್ಲಿ ಚೆಲುವಾಂಬ ಆಸ್ಪತ್ರೆ, ಪಕ್ಕದಲ್ಲೇ ಕೆ.ಆರ್. ಆಸ್ಪತ್ರೆ. ಜ್ವರ ಯಾವತ್ತು ಬಂತು, ಯಾವಾಗ ಬಿಟ್ಟಿತು, ಮಾತು ಯಾವಾಗ ತೊದಲಿತು, ಯಾವ ಮಾತ್ರೆ ಕೊಟ್ಟಿರಿ, ಇಷ್ಟನ್ನು ಚೀಟಿಯಲ್ಲಿ ಬರೆದು ಕೊಡಿ. ಗಾಬರಿಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳ್ತಾರೆ, ಅಲ್ವಾ?

ಇಲ್ಲೊಂದು ಮಾತು ಕೇಳಿಕೊಳ್ಳುತ್ತೇನೆ. ಬೆನ್ನಿನಿಂದ ನೀರು ತೆಗೆದು ಪರೀಕ್ಷೆ ಮಾಡಬೇಕು, ಎಂಆರ್‌ಐ ಬೇಕು ಅಂದಾಗ ಮಗುವಿಗೆ ಏನಾಗುತ್ತೋ ಅಂತ ಹೆದರಿ ಬೇಡ ಅನ್ನಬೇಡಿ. ಡಾಕ್ಟರು ಬೇಕು ಅಂದರೆ ಎರಡನ್ನೂ ಬಸುರಿಯರಿಗೆ ಮಾಡಬಹುದು. ಹರ್ಪಿಸ್ ಮಿದುಳಿಗೆ ಏರಿದ್ದರೆ ಎಸೈಕ್ಲೋವಿರ್ ಇಂಜೆಕ್ಷನ್ ಬೇಗ ಶುರುವಾದಷ್ಟೂ ಅವಳು ಉಳಿಯುವ ಸಾಧ್ಯತೆ ಜಾಸ್ತಿ, ನೀವು ಯೋಚನೆ ಮಾಡುತ್ತಾ ಕೂತ ಹೊತ್ತೆಲ್ಲ ಅವಳಿಗೇ ನಷ್ಟ.

ರುಬೆಲ್ಲಾ, ಝೀಕಾ, ಸಿಎಂವಿ (ಸೈಟೊಮೆಗಾಲೊ ವೈರಸ್) ಅನ್ನೋ ವೈರಸ್ ಸೋಂಕುಗಳು ತಾಯಿಗೆ ಅಷ್ಟೇನೂ ಕಾಡದೆ ಮಗುವಿನ ಮಿದುಳಿಗೆ, ಕಿವಿಗೆ ತೊಂದರೆ ಮಾಡಬಹುದು. ಹೆರಿಗೆಯಾದ ಮೇಲೆ ಬಸುರೀಲಿ ಬಂದಿದ್ದ ಜ್ವರದ ವಿಷಯ ಮಕ್ಕಳ ಡಾಕ್ಟರಿಗೂ ಹೇಳಿ, ಮಗುವಿನ ಕಿವಿ ಪರೀಕ್ಷೆ ಮಾಡಿಸಿ.