ಹೊರಗೆ ನಿಲ್ಲಿಸುವ ಮುಂಚೆ ಒಂದು ವಾರ ಬರೆದಿಡಿ

ಆರನೇ ಕ್ಲಾಸಿನ ಒಬ್ಬ ಹುಡುಗ ಅಂದುಕೊಳ್ಳಿ. ಗಣಿತದ ಪಿರಿಯಡ್ ಶುರುವಾದ ಹತ್ತು ನಿಮಿಷಕ್ಕೆ ಪಕ್ಕದವನನ್ನು ಚುಚ್ಚುತ್ತಾನೆ, ಪೆನ್ಸಿಲ್ ಕಿತ್ತುಕೊಳ್ಳುತ್ತಾನೆ, ಬೈದರೆ ಹಲ್ಲು ಕಿರಿಯುತ್ತಾನೆ. ಟೀಚರ್ ಹೊರಗೆ ನಿಲ್ಲಿಸುತ್ತಾರೆ. ಮರುದಿನ ಮತ್ತೆ ಅದೇ ಕಥೆ. ಶಿಕ್ಷೆ ಜಾಸ್ತಿ ಮಾಡಿದರೆ ಸರಿಹೋಗುತ್ತಾನೆ ಅನ್ನುವವರಿಗೆ ಒಂದು ಪ್ರಶ್ನೆ: ಲೆಕ್ಕ ಬಾರದ ಹುಡುಗನಿಗೆ ಲೆಕ್ಕದ ಪಿರಿಯಡ್‌ನಿಂದ ಹೊರಗೆ ಹೋಗುವುದು ಶಿಕ್ಷೆಯಾ, ರಜೆಯಾ?

ಮೊದಲು ಹೆಸರಿಡುವುದನ್ನು ಬಿಡಿ. ತರಲೆ, ಉಡಾಳ, ಮೊಂಡ ಅಂತ ಸ್ಟಾಫ್ ರೂಮಿನಲ್ಲಿ ಬಿದ್ದ ಹೆಸರು ಮುಂದಿನ ವರ್ಷದ ಟೀಚರಿಗೂ ದಾಟುತ್ತದೆ, ಆದರೆ ಅದರಿಂದ ಏನು ಮಾಡಬೇಕು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಕಣ್ಣಿಗೆ ಕಾಣುವುದನ್ನು, ಎಣಿಸಲು ಬರುವುದನ್ನು ಬರೆಯಿರಿ. 'ಗಲಾಟೆ ಮಾಡ್ತಾನೆ' ಅಲ್ಲ, 'ನಾನು ಬೋರ್ಡ್ ಕಡೆ ತಿರುಗಿದಾಗ ಸೀಟು ಬಿಟ್ಟು ಏಳುತ್ತಾನೆ'. ಹತ್ತು ತಪ್ಪುಗಳಿದ್ದರೂ ಒಂದನ್ನೇ ಹಿಡಿಯಿರಿ, ಬೇರೆ ಮಕ್ಕಳಿಗೆ ಹೆಚ್ಚು ತೊಂದರೆ ಕೊಡುವ ಒಂದನ್ನು.

ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆಯಿರಿ. ಅದಕ್ಕೆ ಮುಂಚೆ ಏನಾಯ್ತು, ಮಗು ಏನು ಮಾಡ್ತು, ಆಮೇಲೆ ಏನಾಯ್ತು. ಪಕ್ಕದಲ್ಲಿ ಸಮಯ, ವಿಷಯ. ಒಂದು ವಾರ ಸಾಕು. ನಲವತ್ತು ಮಕ್ಕಳನ್ನು ಇಟ್ಟುಕೊಂಡು ಇದೆಲ್ಲ ಎಲ್ಲಿ ಬರೆಯೋದು ಅಂತ ನೀವು ಕೇಳುತ್ತೀರಿ, ನ್ಯಾಯವೇ. ಪಾಠದ ನಡುವೆ ಒಂದು ಟಿಕ್ ಹಾಕಿ, ಪಿರಿಯಡ್ ಮುಗಿದ ಮೇಲೆ ಎರಡು ಸಾಲು ಗೀಚಿದರೆ ಆಯ್ತು. ಮೂರನೇ ಕಾಲಂನಲ್ಲಿ ಮಾತ್ರ ಮೋಸ ಮಾಡಬೇಡಿ, ಅಲ್ಲಿ ಬರಬೇಕಾದದ್ದು ನೀವು ಏನು ಮಾಡಿದಿರಿ ಅನ್ನೋದು: ಕೂಗಿದಿರಾ, ಹತ್ತಿರ ಹೋದಿರಾ, ಕ್ಲಾಸೆಲ್ಲ ನಕ್ಕಿತಾ, ಅವನ ಲೆಕ್ಕ ಹಾಗೇ ಉಳಿಯಿತಾ. ಅವನು ಸುಮ್ನೆ ಚೆನ್ನಾಗಿದ್ದ ಹೊತ್ತನ್ನೂ ಬರೆಯಿರಿ. ಇದನ್ನು ಎಲ್ಲರೂ ಮರೆಯುತ್ತಾರೆ. ಕನ್ನಡ ಪಿರಿಯಡ್‌ನಲ್ಲಿ, ಆಟದಲ್ಲಿ, ಬಿಸಿಯೂಟ ಬಡಿಸುವಾಗ ಹುಡುಗ ಬಂಗಾರ, ಗಣಿತದಲ್ಲಿ ಮಾತ್ರ ಹೀಗೆ ಅಂತ ಪುಸ್ತಕ ಹೇಳಿದರೆ ಅರ್ಧ ಉತ್ತರ ಸಿಕ್ಕಂತೆಯೇ.

ಈಗ ವಾರದ ಸಾಲುಗಳನ್ನು ಒಟ್ಟಿಗೆ ಓದಿ. ಮಕ್ಕಳ ಇಂಥ ವರ್ತನೆಯ ಹಿಂದೆ ಸಾಮಾನ್ಯವಾಗಿ ನಾಲ್ಕು ಕಾರಣ ಹುಡುಕುತ್ತಾರೆ: ಯಾರಾದರೂ ನನ್ನನ್ನು ನೋಡಲಿ, ಈ ಕೆಲಸ ನನಗೆ ತಪ್ಪಲಿ, ಆ ವಸ್ತು ನನಗೆ ಸಿಗಲಿ, ಅಥವಾ ಹಾಗೆ ಮಾಡುವುದೇ ಮೈಗೆ ಹಿತ (ಕಾಲು ಕುಣಿಸುವುದು, ಪೆನ್ನು ಕಚ್ಚುವುದು ಇತ್ಯಾದಿ). ಇಬ್ಬರು ಮಕ್ಕಳು ಒಂದೇ ತರ ಕಿರುಚಿದರೂ ಒಬ್ಬಳಿಗೆ ನಿಮ್ಮ ಗಮನ ಬೇಕಿರುತ್ತದೆ, ಇನ್ನೊಬ್ಬನಿಗೆ ಗಟ್ಟಿಯಾಗಿ ಓದುವುದು ತಪ್ಪಬೇಕಿರುತ್ತದೆ. ಇಬ್ಬರಿಗೂ ಒಂದೇ ಮದ್ದು ಕೊಟ್ಟರೆ ಒಬ್ಬರಿಗೆ ಉಲ್ಟಾ ಹೊಡೆಯುತ್ತದೆ.

ತೀರ್ಮಾನಕ್ಕೆ ಬರುವ ಮುಂಚೆ ದೇಹ ಮತ್ತು ಮನೆ ಎರಡನ್ನೂ ನೋಡಿ. ಬೋರ್ಡ್ ಕಾಣುತ್ತದಾ, ಕಿವಿ ಕೇಳುತ್ತದಾ, ಬೆಳಿಗ್ಗೆ ತಿಂದು ಬಂದಿದ್ದಾನಾ, ನಿದ್ದೆ ಆಗಿದೆಯಾ? ಸರ್ಕಾರಿ ಶಾಲೆಗೆ ಆರೋಗ್ಯ ತಪಾಸಣೆಗೆ ಬರುವ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ತಂಡಕ್ಕೆ ಈ ಮಗುವನ್ನು ಬೇರೆಯಾಗಿ ತೋರಿಸಿ. ಅಪ್ಪ ಅಮ್ಮನ ಜೊತೆ ಗುಳೆ ಹೋಗಿ ತಿಂಗಳುಗಟ್ಟಲೆ ಪಾಠ ತಪ್ಪಿಸಿಕೊಂಡ ಮಗು, ಮನೆಯಲ್ಲಿ ಲಂಬಾಣಿಯೋ ಉರ್ದುವೋ ಮಾತಾಡುವ ಮಗು ಪಾಠ ತಲೆಗೆ ಹೋಗದೆ ಚಡಪಡಿಸುತ್ತಿರಬಹುದು. ಬಾಯಲ್ಲಿ ಚುರುಕಾಗಿದ್ದೂ ಓದು ಬರಹದಲ್ಲಿ ಸದಾ ಎಡವಿದರೆ ಕಲಿಕಾ ನ್ಯೂನತೆ ಇದೆಯಾ ಅಂತ ಪರೀಕ್ಷೆ ಮಾಡಿಸಬೇಕು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಅದೂ ಇದೆ.

ಪೋಷಕರನ್ನು ಕರೆದಾಗ ದೂರಿನ ಪಟ್ಟಿ ಓದಬೇಡಿ, ಸಂಜೆ ಮನೆಯಲ್ಲಿ ಬೀಳುವ ಏಟು ನಾಳೆ ನಿಮ್ಮ ಕ್ಲಾಸಿಗೇ ಬರುತ್ತದೆ. ಮನೆಯಲ್ಲಿ ಯಾವಾಗ ಹೀಗಾಗುತ್ತದೆ, ಯಾವಾಗ ಆಗುವುದಿಲ್ಲ ಅಂತ ಕೇಳಿ.

ಗಣಿತದ ಹುಡುಗನಿಗೆ ಬೇಕಾದದ್ದು ತಪ್ಪಿಸಿಕೊಳ್ಳುವುದು ಅಂತ ಗೊತ್ತಾಯ್ತು ಅನ್ನಿ. ಹಾಗಿದ್ದರೆ ಅವನಿಗೆ ಖಂಡಿತ ಬರುವ ಎರಡು ಲೆಕ್ಕದಿಂದ ಶುರು ಮಾಡಿಸಿ, ಆಮೇಲೆ ಕಷ್ಟದ್ದು ಒಂದು. ಚುಚ್ಚುವ ಬದಲು ಏನು ಮಾಡಬೇಕು ಅಂತ ಬಿಡಿಸಿ ಹೇಳಿಕೊಡಿ: ಅರ್ಥವಾಗದಿದ್ದರೆ ಡೆಸ್ಕಿನ ಮೇಲೆ ಕೆಂಪು ಚೀಟಿ ಇಡು, ನಾನು ಬರ್ತೀನಿ. ಅವನು ಚೀಟಿ ಇಟ್ಟಾಗ ನೀವು ನಿಜವಾಗಿ ಹೋಗಬೇಕು, ಇಲ್ಲದಿದ್ದರೆ ಚುಚ್ಚುವುದೇ ಬೇಗ ಕೆಲಸ ಮಾಡುತ್ತದೆ ಅಂತ ಅವನಿಗೆ ಗೊತ್ತಿದೆ. ಚುಚ್ಚಿದರೆ ಪಕ್ಕದವನನ್ನು ಬೇರೆ ಕಡೆ ಕೂರಿಸಿ, ಆದರೆ ಇವನನ್ನು ಹೊರಗೆ ಕಳಿಸಬೇಡಿ. ಲೆಕ್ಕ ಅವನ ಮುಂದೆಯೇ ಇರಲಿ, ಬೇಕಾದರೆ ಚಿಕ್ಕದು ಮಾಡಿ ಕೊಡಿ. ಗಮನಕ್ಕಾಗಿ ಕಾಡುವ ಮಗುವಾದರೆ ದಾರಿ ಬೇರೆ. ಸುಮ್ಮನೆ ಕೆಲಸ ಮಾಡುತ್ತಿರುವಾಗಲೇ ಹತ್ತಿರ ಹೋಗಿ ಎರಡು ಮಾತಾಡಿ, ಸಣ್ಣ ಕೀಟಲೆಗೆ ಮುಖ ತಿರುಗಿಸಿ.

ಬೆತ್ತ, ಬಸ್ಕಿ, ಎಲ್ಲರೆದುರು ಅವಮಾನ ಯಾವುದೂ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 17 ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. ಕಾನೂನು ಇಲ್ಲದಿದ್ದರೂ, ಏಟಿನಿಂದ ಲೆಕ್ಕ ಬರುವುದಿಲ್ಲ ಅಲ್ವಾ?

ಒಂದು ಎಚ್ಚರಿಕೆ. ಚೆನ್ನಾಗಿದ್ದ ಮಗು ಇದ್ದಕ್ಕಿದ್ದಂತೆ ಬದಲಾದರೆ, ಮೈಮೇಲೆ ಗಾಯ ಕಂಡರೆ, ಸಾಯುವ ಮಾತಾಡಿದರೆ ನೋಟ್‌ಬುಕ್ ಪಕ್ಕಕ್ಕಿಡಿ, ವಾರ ಕಾಯಬೇಡಿ. ಮುಖ್ಯ ಶಿಕ್ಷಕರಿಗೆ ತಕ್ಷಣ ತಿಳಿಸಿ. ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416.

ಉಳಿದಂತೆ, ಮೊದಲ ಕೆಲವು ದಿನ ಕಾಟ ಜಾಸ್ತಿಯೇ ಆಗಬಹುದು, ಹಳೆಯ ಉಪಾಯ ಯಾಕೆ ನಡೀತಿಲ್ಲ ಅಂತ ಮಗು ಇನ್ನೂ ಜೋರಾಗಿ ಪ್ರಯತ್ನಿಸುತ್ತದೆ. ಬಹಳ ಟೀಚರುಗಳು ಇಲ್ಲೇ ಕೈಬಿಡುತ್ತಾರೆ. ಟಿಕ್ ಹಾಕುವುದನ್ನು ಮುಂದುವರಿಸಿ. ಎರಡು ಮೂರು ವಾರದಲ್ಲಿ ಟಿಕ್ ಕಡಿಮೆಯಾದರೆ ಚೀಟಿ, ಸುಲಭದ ಲೆಕ್ಕ ಎಲ್ಲವನ್ನೂ ನಿಧಾನಕ್ಕೆ ಕಡಿಮೆ ಮಾಡುತ್ತಾ ಬನ್ನಿ. ಕಡಿಮೆಯಾಗಲಿಲ್ಲ ಅಂದರೆ ನಿಮ್ಮ ಊಹೆ ತಪ್ಪಿರಬಹುದು, ಮತ್ತೆ ಆ ಮೂರು ಕಾಲಂ ತೆಗೆಯಿರಿ, ಈ ಸಲ ಪಕ್ಕದ ಕ್ಲಾಸಿನ ಟೀಚರಿಗೂ ಒಂದು ಪಿರಿಯಡ್ ಕೂತು ನೋಡಲು ಹೇಳಿ.