ಪೆಂಟಿಯಂ 3ರಲ್ಲಿ ಮುಸ್ತಫಾ: ಒಂದೂ ಫ್ರೇಮ್ ಬಿಡದೆ ಓಡಿಸಿದ್ದು ಹೀಗೆ

ಹಳೆ ಪೆಂಟಿಯಂ 3 ಕಂಪ್ಯೂಟರ್‌ನಲ್ಲಿ ಆರ್ಕೇಡ್ ಆಟ ಸರಿಯಾಗಿ ಓಡಲ್ಲ ಅಂತ ನನಗೆ ಹೇಳದವರೇ ಇಲ್ಲ. "ಒಂದು ರಾಸ್ಪ್‌ಬೆರಿ ಪೈ ತಗೋ, ಸುಮ್ನೆ ತಲೆ ಕೆಡಿಸ್ಕೋಬೇಡ" ಅನ್ನುವವರು ಕೆಲವರು. "ಫೋನಲ್ಲೇ ಆಡಬಹುದಲ್ವಾ" ಅನ್ನುವವರು ಇನ್ನು ಕೆಲವರು. ಈಗ ನನ್ನ ಮನೆಯಲ್ಲಿ 500 ಮೆಗಾಹರ್ಟ್ಸ್ ಪೆಂಟಿಯಂ 3, ಇಂಟೆಲ್ 440ಬಿಎಕ್ಸ್ ಬೋರ್ಡ್, 128 ಎಂಬಿ ರ‍್ಯಾಮ್, 15 ಇಂಚಿನ ಡಬ್ಬಾ ಮಾನಿಟರ್ ಇದೆ. ಅದರಲ್ಲಿ ಮುಸ್ತಫಾ ಫ್ರೇಮ್ ಸ್ಕಿಪ್ ಸೊನ್ನೆ ಇಟ್ಟು, ಸೌಂಡ್ ಸಮೇತ ಓಡುತ್ತಿದೆ. ಅಂದು ನಕ್ಕವರೇ ಇವತ್ತು ಸೆಟ್ಟಿಂಗ್ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮುಸ್ತಫಾ ಅಂದರೆ ಗೊತ್ತಲ್ಲ, ಕ್ಯಾಪ್‌ಕಾಮ್‌ನ 1993ರ ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್. ನಮ್ಮ ಪಾರ್ಲರ್‌ಗಳಲ್ಲಿ ಆ ಉದ್ದ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ. ನಾಲ್ಕು ಜನ ಹೀರೋಗಳಲ್ಲಿ ಎಲ್ಲರಿಗೂ ಮುಸ್ತಫಾನೇ ಬೇಕು. ಆಟಕ್ಕೂ ಅವನ ಹೆಸರೇ ಅಂಟಿಕೊಂಡಿತು.

ಮೊದಲು ಸೋತ ಕಥೆ. ಶುರುವಿನಲ್ಲಿ ವಿಂಡೋಸ್ ಎಕ್ಸ್‌ಪಿ ಹಾಕಿ ನೋಡಿದೆ. ಅರ್ಧ ರ‍್ಯಾಮ್ ಅದಕ್ಕೇ ಹೋಯಿತು. ಉಳಿದದ್ದರಲ್ಲಿ ಆಟ ಲೋಡ್ ಆಗುವಷ್ಟರಲ್ಲಿ ಹಾರ್ಡ್ ಡಿಸ್ಕ್ ಗರಗರ ಅಂತ ಸ್ವಾಪ್ ಮಾಡುತ್ತಿತ್ತು. ಆಮೇಲೆ ವಿಂಡೋಸ್ 98 ಎಸ್‌ಇ, ಅದರ ಮೇಲೆ ಮೇಮ್32 (ಆರ್ಕೇಡ್ ಆಟಗಳನ್ನು ಪಿಸಿಯಲ್ಲಿ ಓಡಿಸುವ ಮೇಮ್ ಎಮ್ಯುಲೇಟರ್‌ನ ವಿಂಡೋಸ್ ರೂಪ). ಇದು ಪರವಾಗಿಲ್ಲ, ನಲವತ್ತು ನಲವತ್ತೈದು ಫ್ರೇಮ್ ಬರುತ್ತಿತ್ತು. ಆದರೆ ಶತ್ರುಗಳು ನಾಲ್ಕೈದು ಜನ ಒಟ್ಟಿಗೆ ಬಂದರೆ ಸೌಂಡ್ ತೊದಲುತ್ತಿತ್ತು. ಡೈರೆಕ್ಟ್‌ಎಕ್ಸ್ ಬದಲಿಸಿದೆ, ಡ್ರೈವರ್ ಬದಲಿಸಿದೆ. ಒಂದು ಪಿಸಿಐ ಸೌಂಡ್ ಕಾರ್ಡ್‌ಗೆ ಆರುನೂರು ರೂಪಾಯಿ ಸುರಿದೆ. ಅದು ಈಗಲೂ ಡ್ರಾಯರ್‌ನಲ್ಲಿದೆ, ಯಾರಿಗಾದರೂ ಬೇಕಾದರೆ ಹೇಳಿ.

ತಿರುವು ಸಿಕ್ಕಿದ್ದು ಹಿಂದಕ್ಕೆ ಹೋದಾಗ. ನಿಕೋಲಾ ಸಾಲ್ಮೋರಿಯಾ 1997ರಲ್ಲಿ ಮೇಮ್ ಬಿಟ್ಟಾಗ ಅದು ಡಾಸ್ (ವಿಂಡೋಸ್‌ಗೆ ಮುಂಚಿನ, ಕಮಾಂಡ್ ಟೈಪ್ ಮಾಡುವ ವ್ಯವಸ್ಥೆ) ಪ್ರೋಗ್ರಾಂ. ಆಮೇಲಿನ ವರ್ಷಗಳಲ್ಲಿ ಅದು ವೇಗಕ್ಕಿಂತ ನಿಖರತೆ ಕಡೆಗೆ ವಾಲಿತು. ಅಸಲಿ ಬೋರ್ಡ್ ಹೇಗಿತ್ತೋ ಹಾಗೇ ದಾಖಲಿಸುವುದೇ ಅವರ ಗುರಿ, ತಪ್ಪೇನಿಲ್ಲ. ಆದರೆ ಅದೇ ಆಟಕ್ಕೆ ಪ್ರತಿ ಸಲ ಇನ್ನಷ್ಟು ದೊಡ್ಡ ಪ್ರೊಸೆಸರ್ ಬೇಕಾಗುತ್ತಾ ಬಂತು. ಹಳೆ ಡಾಸ್ ಆವೃತ್ತಿಗಳಲ್ಲಿ ಮೊಟೊರೊಲಾ 68000 ಚಿಪ್ಪನ್ನು ಅನುಕರಿಸುವುದಕ್ಕೆ ಅಸೆಂಬ್ಲಿಯಲ್ಲಿ, ಅಂದರೆ ಪ್ರೊಸೆಸರ್‌ಗೆ ತೀರಾ ಹತ್ತಿರದ ಭಾಷೆಯಲ್ಲಿ, ಬರೆದ ವೇಗದ ಕೋರ್ ಇತ್ತು. ಮುಸ್ತಫಾ ಬೋರ್ಡ್‌ನ ಮುಖ್ಯ ಚಿಪ್ಪೂ 68000ನೇ. ನನ್ನಂಥ ಮಷೀನ್‌ನಲ್ಲಿ ಗೆಲ್ಲುವುದು ಸೋಲುವುದು ಅಲ್ಲೇ ತೀರ್ಮಾನ ಆಗುತ್ತದೆ. 0.37 ಬೀಟಾ ಸಾಲಿನ ಆವೃತ್ತಿ ಹಾಕಿದ ಕೂಡಲೇ ವೇಗ ನೂರು ಪರ್ಸೆಂಟ್ ದಾಟಿತು. (ಬೀಟಾ 16 ಆದಮೇಲೆ ಸೀದಾ 0.53ಕ್ಕೆ ಹಾರಿದರು. 37ಕ್ಕೆ 16 ಕೂಡಿಸಿದರೆ 53. ಈ ಲೆಕ್ಕ ಗೊತ್ತಿಲ್ಲದೆ ನಡುವಿನ ಆವೃತ್ತಿ ಹುಡುಕುವವರು ಈಗಲೂ ಇದ್ದಾರೆ.)

ರೋಮ್ ಸೆಟ್ (ಆಟದ ಬೋರ್ಡ್‌ನ ಚಿಪ್‌ಗಳಿಂದ ತೆಗೆದ ಫೈಲ್‌ಗಳ ಗುಂಪು) ತಲೆನೋವು ನಿಮಗೆ ಗೊತ್ತಿರುವುದೇ. ಆವೃತ್ತಿಗೆ ತಕ್ಕ ಸೆಟ್ ಬೇಕು, ಹೊಸ ಜಿಪ್ ಹಳೆಯದಕ್ಕೆ ಹೊಂದುವುದಿಲ್ಲ. ಸಿಎಲ್ಆರ್‌ಮೇಮ್‌ಪ್ರೋ ಅನ್ನುವ, ಸೆಟ್ ಸರಿಪಡಿಸುವ ಪ್ರೋಗ್ರಾಂ ಮುಂದೆ ಎರಡು ರಾತ್ರಿ ಕೂತರೆ ಮುಗಿಯುತ್ತದೆ. ಬರೀ ಸೆಟಪ್ ಪರೀಕ್ಷೆಗಾದರೆ ಗ್ರಿಡ್ಲೀ, ಪಾಲಿ-ಪ್ಲೇ ಥರದ ಆಟಗಳನ್ನು ಮೇಮ್ ತಂಡವೇ ಉಚಿತವಾಗಿ ಕೊಡುತ್ತದೆ.

ವೇಗ ಬಂತು, ಆದರೆ ಪರದೆ ಜಾರುವಾಗ ಇನ್ನೂ ನುಣುಪಿಲ್ಲ. ಇದನ್ನು ಬಿಡಿಸುವುದಕ್ಕೆ ಹೋದದ್ದು ತಿಂಗಳುಗಟ್ಟಲೆ. ಮುಸ್ತಫಾದ ಬೋರ್ಡ್ ಚಿತ್ರ 384x224, ಸೆಕೆಂಡಿಗೆ ಸುಮಾರು 59.6 ಸಲ. ಮಾನಿಟರ್ 60ರಲ್ಲಿದ್ದರೆ ಎರಡು ಮೂರು ಸೆಕೆಂಡಿಗೊಮ್ಮೆ ಒಂದು ಸಣ್ಣ ಜರ್ಕ್. 75ರಲ್ಲಿದ್ದರೆ ಕೇಳಲೇಬೇಡಿ. ಕಣ್ಣಿಗೆ ಕಾಣಲ್ಲ ಅನ್ನುವವರ ಜೊತೆ ನಾನು ವಾದ ಮಾಡುವುದಿಲ್ಲ. ನನಗೆ ಕಾಣುತ್ತದೆ.

ಇದಕ್ಕೆ ಮದ್ದು ಆಂಡ್ರಿಯಾ ಮಜ್ಜೊಲೆನಿ ಅವರ ಅಡ್ವಾನ್ಸ್‌ಮೇಮ್. ಅದು ಡಾಸ್‌ನಲ್ಲಿ ವಿಡಿಯೋ ಕಾರ್ಡ್‌ನ ರಿಜಿಸ್ಟರ್‌ಗೇ ನೇರ ಕೈ ಹಾಕಿ, ಆಟಕ್ಕೆ ಬೇಕಾದ ಮೋಡ್ ಅನ್ನೇ ಹುಟ್ಟಿಸುತ್ತದೆ. ಇದನ್ನು 15 ಕಿಲೋಹರ್ಟ್ಸ್ (ಸೆಕೆಂಡಿಗೆ ಸುಮಾರು 15 ಸಾವಿರ ಅಡ್ಡ ಸಾಲು ಬರೆಯುವ) ಟಿವಿಗೆ ಮಾತ್ರ ಅಂತ ಎಲ್ಲರೂ ಬದಿಗಿಟ್ಟಿದ್ದರು. ಪಿಸಿ ಮಾನಿಟರ್ 15 ತಗೊಳ್ಳುವುದಿಲ್ಲ, ಬಲವಂತ ಮಾಡಿದರೆ ಹಳೆ ಮಾನಿಟರ್ ಸುಟ್ಟೇ ಹೋಗಬಹುದು. ಆದರೆ ಲೆಕ್ಕ ಹಾಕಿ ನೋಡಿ. 224 ಸಾಲನ್ನು ಎರಡೆರಡು ಸಲ ಬರೆದರೆ 448. ಮೇಲೆ ಕೆಳಗಿನ ಖಾಲಿ ಸಾಲು ಸೇರಿ 525. ಅದನ್ನು 59.6ರಿಂದ ಗುಣಿಸಿದರೆ 31.3 ಕಿಲೋಹರ್ಟ್ಸ್ ಆಸುಪಾಸು. ಅದು ಮಾಮೂಲಿ ವಿಜಿಎ! ಗುಜರಿಯಲ್ಲಿ ಬಿದ್ದಿರುವ ಯಾವ ಡಬ್ಬಾ ಮಾನಿಟರ್ ಬೇಕಾದರೂ ಇದನ್ನು ತೋರಿಸುತ್ತದೆ.

ಮೊದಲಿದ್ದ ಎಜಿಪಿ ವಿಡಿಯೋ ಕಾರ್ಡ್ ಇದಕ್ಕೆ ಬಗ್ಗಲಿಲ್ಲ, ಪರದೆ ಕಪ್ಪು. ಎಸ್‌ಪಿ ರೋಡ್‌ನಲ್ಲಿ (ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ) ಮುನ್ನೂರಕ್ಕೆ ಒಂದು ರಿವಾ ಟಿಎನ್‌ಟಿ2 ಸಿಕ್ಕಿತು, ಅದರಲ್ಲಿ ಆಯಿತು. ಅಡ್ವ್‌ಸಿಎಫ್‌ಜಿಯಲ್ಲಿ ಮಾನಿಟರ್ ವಿವರ ಕೊಟ್ಟು, ಅಡ್ವ್‌ವಿಯಲ್ಲಿ ಚಿತ್ರವನ್ನು ಮಧ್ಯಕ್ಕೆ ಎಳೆದುಕೊಳ್ಳಿ (ಎರಡೂ ಅದರ ಜೊತೆ ಬರುವ ಸಲಕರಣೆಗಳು). ವಿ-ಸಿಂಕ್ (ಆಟದ ಫ್ರೇಮನ್ನು ಮಾನಿಟರ್‌ನ ತಾಳಕ್ಕೆ ಹೊಂದಿಸುವ ಆಯ್ಕೆ) ಹಾಕಿ. ಡೈನೋಸಾರ್ ಓಡುವಾಗ ಹಿಂದಿನ ಕಾಡು ಬೆಣ್ಣೆಯ ಹಾಗೆ ಜಾರುತ್ತದೆ. ಅಡ್ವಾನ್ಸ್‌ಮೇಮ್‌ನ ಯಾವ ಬಿಡುಗಡೆ, ಯಾವ ಆಯ್ಕೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. 0.106ಕ್ಕಿಂತ ಹಿಂದಿನದು ಅಂತಷ್ಟೇ ತಿಳಿದುಕೊಳ್ಳಿ. ಅಷ್ಟು ಹುಡುಕಾಟ ನೀವೂ ಮಾಡಿ!

ಸೌಂಡ್‌ಗೆ ಐಎಸ್ಎ (ಪಿಸಿಐಗಿಂತ ಹಳೆಯ ಸ್ಲಾಟ್) ಕಾರ್ಡ್ ಇಲ್ಲದೆ ಡಾಸ್‌ಗೆ ಬರಬೇಡಿ. ಬಿಎಕ್ಸ್ ಬೋರ್ಡ್ ಹಿಡಿದದ್ದೇ ಅದಕ್ಕೆ, ಆಮೇಲಿನ ಬೋರ್ಡ್‌ಗಳಲ್ಲಿ ಐಎಸ್ಎ ಸ್ಲಾಟ್ ಸಿಗುವುದು ಅಪರೂಪ. ನನ್ನದು ಇಎಸ್ಎಸ್ 1868. ಯೂನಿಸೌಂಡ್ ಅನ್ನುವ ಡಾಸ್ ಡ್ರೈವರ್ ಒಂದು ಸಾಲಿನಲ್ಲಿ ಅದನ್ನು ಎಬ್ಬಿಸುತ್ತದೆ. ಬಯೋಸ್‌ನಲ್ಲಿ ಐಆರ್‌ಕ್ಯೂ 5 ಅನ್ನು ಐಎಸ್ಎಗೆ ಮೀಸಲಿಡಿ. ಸ್ಯಾಂಪಲ್ ರೇಟ್ 44100ರಿಂದ 22050ಕ್ಕೆ ಇಳಿಸಿದರೆ ಪ್ರೊಸೆಸರ್‌ಗೆ ಒಳ್ಳೆ ಉಸಿರು ಸಿಗುತ್ತದೆ. ಆ ಆಟದ ಕ್ಯೂಸೌಂಡ್ ಚಿಪ್ಪೇ 24 ಸಾವಿರ ಹರ್ಟ್ಸ್ ಹತ್ತಿರ ಕೆಲಸ ಮಾಡುತ್ತಿತ್ತು, ಕಿವಿಗೆ ಏನೂ ನಷ್ಟವಿಲ್ಲ.

ಹಾರ್ಡ್ ಡಿಸ್ಕ್ ತೆಗೆದು ಕಾಂಪ್ಯಾಕ್ಟ್ ಫ್ಲ್ಯಾಶ್ ಹಾಕಿದೆ. ಮೊದಲು ತಂದ ಅಡಾಪ್ಟರ್ ಸತ್ತ ಮಾಲು. ಅಂಗಡಿಯವನು ವಾಪಸ್ ತಗೊಳ್ಳಲಿಲ್ಲ, ಇನ್ನೂರೈವತ್ತು ಹೋಯಿತು. ಎರಡನೆಯದು ಸರಿ ಇತ್ತು. ವಿಂಡೋಸ್ 98ರ ಡಾಸ್ ಅನ್ನೇ ಹಾಕಿದ್ದೇನೆ. ಸ್ವಿಚ್ ಒತ್ತಿ ನೀರು ಕುಡಿದು ಬರುವಷ್ಟರಲ್ಲಿ ಅಡ್ವಾನ್ಸ್‌ಮೆನು, ಅಂದರೆ ಆಟ ಆರಿಸುವ ಪಟ್ಟಿ, ಬಂದಿರುತ್ತದೆ. ಫ್ರೀಡಾಸ್ ಕೂಡ ಓಡಿತು, ಬಿಡುವುದಕ್ಕೆ ಕಾರಣವೇನೂ ಇಲ್ಲ, ಅಭ್ಯಾಸ ಅಷ್ಟೇ.

ಕಂಟ್ರೋಲ್‌ಗೆ ಪ್ರಿಂಟರ್ ಪೋರ್ಟ್. ಹೌದು, ಎಲ್‌ಪಿಟಿ. ಹಳೆ ಪ್ಲೇಸ್ಟೇಷನ್ ಪ್ಯಾಡ್‌ನ ತಂತಿ ಕತ್ತರಿಸಿ 25 ಪಿನ್ ಕನೆಕ್ಟರ್‌ಗೆ ಬೆಸುಗೆ ಹಾಕಿದೆ. ಕಮಾಂಡ್ 2ಕ್ಕೆ, ಸೆಲೆಕ್ಟ್ 3ಕ್ಕೆ, ಕ್ಲಾಕ್ 4ಕ್ಕೆ, ಡೇಟಾ 10ಕ್ಕೆ. ಪವರ್ 5ರಿಂದ 9ರ ಪಿನ್‌ಗಳಿಂದ, ಒಂದೊಂದಕ್ಕೂ ಒಂದು 4148 ಡಯೋಡ್. ಖರ್ಚು ಐವತ್ತು ರೂಪಾಯಿ ಒಳಗೆ. ಅಲೆಗ್ರೋ ಲೈಬ್ರರಿ ಡಾಸ್‌ನಲ್ಲಿ ಇದನ್ನು ಗುರುತಿಸುತ್ತದೆ. ವೈಬ್ರೇಷನ್ ಇರುವ ಒಂದು ಪ್ಯಾಡ್‌ಗೆ ಈ ಕರೆಂಟ್ ಸಾಲಲಿಲ್ಲ, ಆಗಾಗ ಬಟನ್ ತಾನೇ ಒತ್ತಿಕೊಳ್ಳುತ್ತಿತ್ತು. ಅದಕ್ಕೂ ಉಪಾಯ ಮಾಡಿದ್ದೇನೆ, ಮುಖಾಮುಖಿ ಸಿಕ್ಕಾಗ ತೋರಿಸುತ್ತೇನೆ.

ನಡುವೆ ಒಂದು ಭಾನುವಾರ ಮಾನಿಟರ್ ಅನ್ನೇ ಅಡ್ಡ ಮಲಗಿಸಿ ಪ್ಯಾಕ್-ಮ್ಯಾನ್ ಹಾಕಿದೆ. ಅದು ನಿಲುವು ಪರದೆಯ ಆಟ, 60.6 ಹರ್ಟ್ಸ್. ಚಿತ್ರ ಅದ್ಭುತ. ಆದರೆ ಮೂಲೆಯಲ್ಲಿ ಹಸಿರು ನೇರಳೆ ಕಲೆ ಬಂತು, ಡೀಗಾಸ್ (ಪರದೆಗೆ ಅಂಟಿದ ಕಾಂತೀಯತೆ ತೆಗೆಯುವ ಬಟನ್) ಒತ್ತಿದ ಮೇಲೆ ಹೋಯಿತು. ಗಾಳಿ ಕಿಂಡಿ ಕೆಳಗಾದ್ದರಿಂದ ಬಿಸಿಯೂ ಜಾಸ್ತಿ. ಮಾರ್ಟಲ್ ಕಾಂಬ್ಯಾಟ್ 54.7 ಹರ್ಟ್ಸ್ ಕೇಳುತ್ತದೆ, ಅದನ್ನೂ ಮಾನಿಟರ್ ತಗೊಂಡಿತು. ಎಲ್‌ಸಿಡಿಯಲ್ಲಿ ಈ ಆಟದ ಚಲನೆ ಎಷ್ಟು ಕೆಟ್ಟದಾಗಿರುತ್ತದೆ ಅಂತ ಅವತ್ತೇ ಗೊತ್ತಾದದ್ದು.

ಖರ್ಚು ನೆನಪಿದ್ದ ಹಾಗೆ: ಗುಜರಿಯಿಂದ ಸಿಪಿಯು ಒಂಬೈನೂರು, ಮಾನಿಟರ್ ನಾನೂರು, ಕಾರ್ಡ್‌ಗಳು ಏಳೆಂಟು ನೂರು, ಫ್ಲ್ಯಾಶ್ ಮತ್ತು ಅಡಾಪ್ಟರ್ ಏಳುನೂರು. ಉಬ್ಬಿದ ಕೆಪಾಸಿಟರ್ ಬದಲಿಸಿದ್ದು ನೂರಿಪ್ಪತ್ತು. ದಂಡ ಹೋದದ್ದನ್ನು ಸೇರಿಸಿದರೂ ನಾಲ್ಕು ಸಾವಿರ ದಾಟಿಲ್ಲ.

ಇನ್ನೂ ಬಗ್ಗದಿರುವುದು ನಿಯೋ ಜಿಯೋ ಅನ್ನುವ ಇನ್ನೊಂದು ಆರ್ಕೇಡ್ ಬೋರ್ಡ್‌ನ ಆಟಗಳು. ಮೆಟಲ್ ಸ್ಲಗ್ ಮೊದಲನೆಯದು ಓಡುತ್ತದೆ. ಕಿಂಗ್ ಆಫ್ ಫೈಟರ್ಸ್ 97ರ ರೋಮ್‌ಗಳೇ 128 ಎಂಬಿಯ ಅರ್ಧದ ಹತ್ತಿರ ತಿನ್ನುತ್ತವೆ, ಗ್ರಾಫಿಕ್ಸ್ ಬಿಚ್ಚಿದ ಮೇಲೆ ಜಾಗವೇ ಇಲ್ಲ. 256 ಎಂಬಿಯ ಒಂದು ಸ್ಟಿಕ್ ತಂದೆ, ಬೋರ್ಡ್ ಅದನ್ನು 128 ಅಂತ ತೋರಿಸಿತು. ಬಿಎಕ್ಸ್ ಚಿಪ್‌ಸೆಟ್ 256 ಮೆಗಾಬಿಟ್ ಚಿಪ್‌ಗಳನ್ನು ಪೂರ್ತಿ ಓದುವುದಿಲ್ಲ. ಎರಡೂ ಬದಿ ಎಂಟೆಂಟು, ಒಟ್ಟು ಹದಿನಾರು ಚಿಪ್ ಇರುವ ಸ್ಟಿಕ್ಕೇ ಬೇಕು. ಯಾರ ಬಳಿಯಾದರೂ ಅಂಥದ್ದು ಬಿದ್ದಿದ್ದರೆ ತಿಳಿಸಿ, ಮುನ್ನೂರು ರೂಪಾಯಿವರೆಗೆ ಕೊಡುತ್ತೇನೆ. ಅಥವಾ ಆ ಪಿಸಿಐ ಸೌಂಡ್ ಕಾರ್ಡ್ ಬದಲಿಗೆ ತಗೊಳ್ಳಿ.