ರಜೆಗೆ ಒಂದು ಪತ್ತೇದಾರಿ ಆಟ

ಮಕ್ಕಳು ಮೊಬೈಲ್ ಬಿಡ್ತಿಲ್ಲ ಅಂದ್ರೆ ಇದನ್ನು ಮಾಡಿ ನೋಡಿ. 'ನಾಗವಲ್ಲಿಯ ಕಾಡುಪಾಪ ಕಾಣೆಯಾಗಿದೆ' ಅಂತ ಕತೆ ಶುರು ಮಾಡಿ. ನಾಗವಲ್ಲಿ ಅಂದ್ರೆ ತುಮಕೂರು ಜಿಲ್ಲೆಯ ಒಂದು ಊರು, ಕಾಡುಪಾಪ ಅಂದ್ರೆ ಮರದ ಮೇಲಿದ್ದು ರಾತ್ರಿ ಓಡಾಡುವ, ದೊಡ್ಡ ಕಣ್ಣಿನ ಪುಟ್ಟ ಪ್ರಾಣಿ. ಸುಳಿವುಗಳನ್ನು ಚೀಟಿಯಲ್ಲಿ ಬರೆದು ಮನೆಯಲ್ಲೇ ಬಚ್ಚಿಡಿ. ಸುಳಿವು ಮಾತ್ರ ನಿಜದ್ದೇ ಇರಲಿ. ಕಾಡುಪಾಪ ಮಂಗನ ಹಾಗೆ ಜಿಗಿಯುವುದಿಲ್ಲ. ಕೊಂಬೆ ಹಿಡಿದು ನಿಧಾನವಾಗಿ ಇನ್ನೊಂದು ಕೊಂಬೆಗೆ ದಾಟುತ್ತದೆ. ಹಾಗಾದರೆ ನಡುವಿನ ಮರ ಕಡಿದರೆ? ಇಲ್ಲಿ ನಮ್ಮ ಮಗಳು 'ಕಳ್ಳ ಸಿಕ್ಕಿದ, ಗರಗಸ!' ಅಂದಳು. ನನಗೇ ಹೊಳೆದಿರಲಿಲ್ಲ.

ಮುಂದಿನ ಕಂತಿಗೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗ ಇದೆ. ಅದಕ್ಕೆ ಬೇಕಾದ್ದು ಮರವಲ್ಲ, ಬಯಲು. ಸುಳಿವೂ ಬೇರೆ ಆಗಬೇಕು, ಅಲ್ವಾ?

ದೊಡ್ಡವರ ಜೊತೆ ರಾತ್ರಿ ತೋಟಕ್ಕೆ ಹೋಗುವುದಾದರೆ ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿ. ಬಿಳಿ ಬೆಳಕು ಕಾಡುಪಾಪದ ಕಣ್ಣಿಗೆ ಹಿಂಸೆ.